ಹೀರಕ್ಕ ಓದಿದ ಕಾದಂಬರಿ

ಕಾರವಾರದ ಆ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಹೀರಾ ಮಾಡುತ್ತಿದ್ದದ್ದು ಪುಸ್ತಕದ ಕಪಾಟುಗಳನ್ನು ಒರೆಸುವ, ಬೀಗ ತೆಗೆದು ಮತ್ತೆ ಹಾಕುವ ಕೆಲಸ. ಬಾಗಿಲ ಮೇಲೆ ಲೈಬ್ರರಿ ಎಂದು ಬರೆದಿತ್ತು. ಒಳಗೆ ಓದುವವರು ಮಾತ್ರ ಯಾರೂ ಇರಲಿಲ್ಲ. ಆಕೆಯ ಮನೆ ಅಂಕೋಲೆಯ ಕೇಣಿಯಲ್ಲಿ. ಗಂಡ ಉಮೇಶ ಮೀನಿನ ದೋಣಿಗೆ ಹೋಗುವವನು. ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿ ಇಂಗ್ಲಿಷಿನಲ್ಲಿ ಎರಡು ಸಲ ನಪಾಸಾದವಳು ಹೀರಾ. ಅದಕ್ಕೆ ಆಕೆಗೆ ನಾಚಿಕೆಯೇನೂ ಇರಲಿಲ್ಲ. ಪಾಸಾದವರನ್ನು ದಿನಾ ನೋಡುತ್ತಿದ್ದಳಲ್ಲ.

ಪಾಸಾದವರಲ್ಲಿ ಮುಖ್ಯರು ದೇವಾನಂದ ಸರ್. ಒಂಬತ್ತನೇ ತರಗತಿಗೆ ಇಂಗ್ಲಿಷ್ ಅವರದೇ. 2006ರ ಮಳೆಗಾಲದಲ್ಲಿ ಆಡಳಿತದವರು ಹರೆಯದ ಮಕ್ಕಳಿಗಾಗಿ ಬರೆದ ಒಂದು ಇಂಗ್ಲಿಷ್ ಕಾದಂಬರಿಯ ಹತ್ತಾರು ಪ್ರತಿ ತರಿಸಿದರು. ಮಕ್ಕಳು ಓದಲಿ, ಪದಸಂಪತ್ತು ಬೆಳೆಯಲಿ ಎಂದು. ಸರ್ ಅವನ್ನು ಕಪಾಟಿಗೆ ಹಾಕಿಸಿದರು. "ಹುಡುಗ್ರ ಕೈಗೆ ಕೊಟ್ರೆ ಒಂದು ವಾರಕ್ಕೆ ಪುಸ್ತಕದ ಹೊಟ್ಟೆಯೆಲ್ಲ ಹೊರಗೆ ಬರ್ತದೆ" ಎಂದರು. ಒಂದು ಪ್ರತಿಯ ಪುಟ ತಿರುವಿ, ಕಷ್ಟದ ಪದಗಳನ್ನು ಹೆಕ್ಕಿ, ನಿಘಂಟಿನಲ್ಲಿ ಮೊದಲು ಕಂಡ ಅರ್ಥ ಬರೆದು, ವಾರಕ್ಕೊಂದರಂತೆ ಪಟ್ಟಿ ಮಾಡಿ ಜೆರಾಕ್ಸ್ ಹಂಚಿದರು. ಶುಕ್ರವಾರ ಪರೀಕ್ಷೆ.

ಪಟ್ಟಿಯ ಒಂದು ಹಾಳೆ ಹೀರಾಳ ಕೈಗೂ ಸಿಕ್ಕಿತು. ಒಣಮೀನು ಹರವಿದ ಹಾಗೆ ಪದಗಳನ್ನು ಸಾಲಾಗಿ ಮಲಗಿಸಿದ್ದರು. ಒಂದಕ್ಕೂ ಜೀವವಿಲ್ಲ. ಆಕೆ ಕಪಾಟಿನಿಂದ ಕಾದಂಬರಿಯ ಒಂದು ಪ್ರತಿಯನ್ನೂ ರಟ್ಟು ಕಿತ್ತುಹೋದ ನಿಘಂಟನ್ನೂ ತನ್ನ ಕೈಚೀಲಕ್ಕೆ ಹಾಕಿಕೊಂಡಳು.

ಓದುವ ಜಾಗ ಬಸ್ಸು. ಸಂಜೆ ಕಾರವಾರದಲ್ಲಿ ಕಿಟಕಿಯ ಸೀಟು ಹಿಡಿದು ಕೂತರೆ ಹಟ್ಟಿಕೇರಿ ಬರುವಷ್ಟರಲ್ಲಿ ಎರಡು ಪುಟ, ಅದೂ ಬೆರಳಿಟ್ಟು. ಅಪ್ಪ ಸತ್ತ ಮೇಲೆ ಚಿಕ್ಕಪ್ಪನ ಮನೆ ಸೇರಬೇಕಾದ ಹದಿನಾಲ್ಕರ ಹುಡುಗಿಯ ಕತೆ ಅದು. ಆ ಹುಡುಗಿ ಹೊಸ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಾಳೆ, ಮತ್ತೆ ಮೆಟ್ಟುತ್ತಾಳೆ, ಮತ್ತೆ ಬಿಡುತ್ತಾಳೆ. ಅಲ್ಲಿ 'ರಿಲಕ್ಟಂಟ್' ಎಂಬ ಪದವಿತ್ತು. ಸರ್ ಪಟ್ಟಿಯಲ್ಲಿ 'ಒಲ್ಲದ' ಎಂದಷ್ಟೇ ಬರೆದು ಮುಗಿಸಿದ್ದರು. ಹೀರಾ ತಾನು ಮದುವೆಯಾಗಿ ಕೇಣಿಗೆ ಬಂದ ದಿನ ಅಂಗಳದಲ್ಲೇ ನಿಂತುಬಿಟ್ಟದ್ದನ್ನು ನೆನೆದಳು. ಆ ಪದ ಮತ್ತೆ ಮರೆಯಲಿಲ್ಲ.

ಹೀಗೆ ಓದುತ್ತ ಓದುತ್ತ ಆಕೆಯ ತಾತ್ಸಾರವೂ ಬೆಳೆಯಿತು. ಸ್ಟಾಫ್ ರೂಮಿನಲ್ಲಿ ಚಾ ಕುಡಿಯುತ್ತ "ನಮ್ಮ ಮಕ್ಕಳಿಗೆ ರೀಡಿಂಗ್ ಹ್ಯಾಬಿಟ್ಟೇ ಇಲ್ಲ" ಎನ್ನುವವರನ್ನು ಕಂಡರೆ ಆಕೆಗೆ ನಗು ಬರುತ್ತಿತ್ತು. ಆ ನಗುವನ್ನು ಆಕೆ ಮುಚ್ಚಿಡುತ್ತಲೂ ಇರಲಿಲ್ಲ.

ಒಂದು ಗುರುವಾರ ಪ್ರೇಕ್ಷಾ ಎಂಬ ಹುಡುಗಿ ಲೈಬ್ರರಿಯ ಮೂಲೆಯಲ್ಲಿ ಪಟ್ಟಿ ಉರು ಹೊಡೆಯುತ್ತಿದ್ದಳು. "ಸ್ಟರ್ನ್ ಅಂದ್ರೆ ಕಠೋರ, ಸ್ಟರ್ನ್ ಅಂದ್ರೆ ಕಠೋರ..."

"ಯಾರು ಹೇಳಿದ್ರೇ ನಿಂಗೆ?" ಎಂದಳು ಹೀರಾ. "ಕತೇಲಿ ಆ ಹುಡ್ಗಿ ಚಿಕ್ಕಪ್ಪನ ಮನೆ ಬಿಟ್ಟು ದೋಣಿ ಹತ್ತಿ ಸ್ಟರ್ನಲ್ಲಿ ಹೋಗಿ ಕೂತದ್ದು. ಅದು ದೋಣಿಯ ಹಿಂಬದಿ. ಚುಕ್ಕಾಣಿ ಹಿಡಿಯೂರು ಕೂತ್ಕೊಳ್ಳೂ ಜಾಗ."

ಪ್ರೇಕ್ಷಾ ಪರೀಕ್ಷೆಯಲ್ಲಿ ಹಾಗೆಯೇ ಬರೆದಳು. ಸರ್ ಕೆಂಪು ಗೀಟು ಎಳೆದು ಸೊನ್ನೆ ಹಾಕಿ, ಯಾರು ಹೇಳಿಕೊಟ್ಟದ್ದೆಂದು ಕೇಳಿದರು. ಹುಡುಗಿ ಹೆಸರು ಹೇಳಿದಳು. ಸೋಮವಾರ ಹೀರಾಳಿಗೆ ಕ್ಲಾಸಿಗೆ ಕರೆ ಬಂತು.

"ಬನ್ನಿ, ಪ್ರೊಫೆಸರ್ ಬಾಯಿ," ಎಂದರು ಸರ್, ಪುಸ್ತಕ ಚಾಚಿ. "ಈ ವಾಕ್ಯ ಓದಿ ನೋಡುವಾ."

ಆಕೆ ಓದಿದಳು. 'ಸ್ಟೆರನ್' ಎಂದಳು. ತರಗತಿ ಗೊಳ್ಳೆಂದಿತು. ಸರ್ ಮಕ್ಕಳ ಜೊತೆ ತಾವೂ ನಕ್ಕರು.

ನಗು ನಿಲ್ಲುವ ತನಕ ಹೀರಾ ಕಾದಳು. "ನಂಗೆ ಓದೂಕೆ ಸಮಾ ಬರೂದಿಲ್ಲ ಸರ್. ಆದ್ರೆ ದೋಣಿ ಗೊತ್ತುಂಟು. ಹುಡ್ಗಿ ಕೂತ್ಲು ಅಂತ ಬರ್ದಿದ್ರಲ್ರಾ, ಕೂರೂಕೆ ಜಾಗ ಬೇಕಲ್ರಾ? ಕಠೋರದ ಮೇಲೆ ಹ್ಯಾಗೆ ಕೂತ್ಕೊಳ್ಳೂದು?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಈ ಸಲದ ನಗು ಯಾರ ಮೇಲೆ ಎಂಬುದು ಸರ್‌ಗೆ ತಿಳಿಯಿತು.

"ಹೋ, ಇಡೀ ಪುಸ್ತಕ ಓದಿದ್ದೀರೋ?"

"ಎರಡು ಸರ್ತಿ. ನೀವು?"

ಸರ್ ಮುಖ ಕೆಂಪಗೆ ಮಾಡಿಕೊಂಡು ಪ್ರೇಕ್ಷಾಳ ಕಡೆ ತಿರುಗಿದರು. "ನೀನೇ ಹೇಳು. ಸರಿ ಉತ್ತರ ಯಾವುದು?"

ಹುಡುಗಿ ಎದ್ದು ನಿಂತಳು. ಹೀರಾಳನ್ನು ನೋಡಲಿಲ್ಲ. "ಕಠೋರ, ಸರ್."

ಸರ್ ಅಲ್ಲೇ ಸೊನ್ನೆ ಹೊಡೆದುಹಾಕಿ ಅಂಕ ಕೊಟ್ಟರು. ಸರ್ ಮೇಲಿನ ತಾತ್ಸಾರ ಹೀರಾಳಿಗೆ ರೂಢಿಯಾಗಿತ್ತು. ಒಂದು ಮಾರ್ಕಿಗಾಗಿ ತಾನೇ ಬರೆದದ್ದನ್ನು ಅಲ್ಲವೆಂದ ಆ ಪೋರಿಯ ಮೇಲೆ ಹುಟ್ಟಿದ್ದು ಅದಕ್ಕಿಂತ ಕಹಿಯಾಗಿತ್ತು.

ಹೆಡ್‌ಮಿಸ್ಟ್ರೆಸ್ ಅಮಿತಾ ಅಕ್ಕೋರು ಕರೆಸಿ ಮೆತ್ತಗೆ ಹೇಳಿದರು, "ಹೀರಾ, ಸರ್ ಹತ್ರ ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡಿ. ಮುಗೀತು."

"ಯಾವ ತಪ್ಪು ಅಂತ ಹೇಳಿ ಅಕ್ಕೋರೇ. ಹೇಳ್ತೆ."

ಕಪಾಟಿನ ಕೀಲಿಕೈ ಸರ್ ಕೈ ಸೇರಿತು. ಹೀರಾಳಿಗೆ ಗಂಟೆ ಬಾರಿಸುವ, ಕುಡಿಯುವ ನೀರು ತುಂಬಿಸುವ ಕೆಲಸ ಬಂತು. ಕೈಚೀಲದಲ್ಲಿದ್ದ ಪ್ರತಿಯನ್ನೂ ನಿಘಂಟನ್ನೂ ಆಕೆ ತಿರುಗಿ ಕೊಡಲಿಲ್ಲ. ಯಾರೂ ಕೇಳಲೂ ಇಲ್ಲ. ಸರ್ ಕಪಾಟು ತೆಗೆದಿದ್ದರೆ ತಾನೇ ಒಂದು ಪ್ರತಿ ಕಡಿಮೆ ಎಂದು ತಿಳಿಯುವುದು!

ದೀಪಾವಳಿ ರಜೆ ಮುಗಿದ ಮೇಲೆ, ನೀರಿನ ನಲ್ಲಿಯ ಹತ್ತಿರ ಪ್ರೇಕ್ಷಾ ಬಂದು ನಿಂತಳು. ಬಾಟಲಿ ತುಂಬಿದರೂ ಹೋಗಲಿಲ್ಲ.

"ಮಾರ್ಕ್ಸ್ ಸಿಕ್ತಲ್ಲೇ. ಮತ್ತೆಂತ ಬೇಕು?" ಎಂದಳು ಹೀರಾ.

"ಹೀರಕ್ಕ... ಆ ಹುಡ್ಗಿ ದಡ ಸೇರಿದ್ಲಾ?"

ಹೀರಾ ನಲ್ಲಿ ಬಂದ್ ಮಾಡಿದಳು. ಇಷ್ಟು ದಿನದಲ್ಲಿ ಈ ಶಾಲೆಯಲ್ಲಿ ಯಾರೂ ಕೇಳದ ಪ್ರಶ್ನೆ. "ಹೇಳೂದಿಲ್ಲ, ಹೋಗು," ಎಂದಳು. ಮರುದಿನ ಪುಸ್ತಕವನ್ನು ಪೇಪರಿನಲ್ಲಿ ಸುತ್ತಿ ತಂದು ಹುಡುಗಿಯ ಕೈಗೆ ತುರುಕಿದಳು. "ನೀನು ಹೆದರುಪುಕ್ಲಿ. ಇದನ್ನಾದ್ರೂ ಪೂರಾ ಓದು."

ಪುಸ್ತಕ ತಿರುಗಿ ಬಂದದ್ದು ಎರಡು ತಿಂಗಳ ಮೇಲೆ. ಸಂಜೆಯ ಬಸ್ಸಿನಲ್ಲಿ ಹೀರಾ ತೆರೆದು ನೋಡಿದಳು. ಅಂಚಿನ ತುಂಬ ಪೆನ್ಸಿಲಿನ ಸಣ್ಣ ಅಕ್ಷರ. ಅರ್ಥ ಗೊತ್ತಾಗದ ಪದಗಳಿಗೆಲ್ಲ ಹುಡುಗಿ ಗುರುತು ಹಾಕಿದ್ದಳು. ಕೆಲವಕ್ಕೆ ತಾನೇ ಊಹಿಸಿ ಬರೆದು, ಹಿಂದೆ ಮುಂದಿನ ಸಾಲು ನೋಡಿ ಹೊಡೆದುಹಾಕಿ, ಮತ್ತೆ ಬರೆದಿದ್ದಳು. ಅವುಗಳಲ್ಲಿ ಎಷ್ಟೋ ಪದಗಳನ್ನು ಹೀರಾ ಎರಡು ಸಲ ಓದಿದಾಗಲೂ ಗೊತ್ತಾಗದೆ ಹಾರಿಸಿಕೊಂಡು ಹೋಗಿದ್ದಳು.

ಆಕೆ ಆಚೀಚೆ ನೋಡಿದಳು, ಯಾರಾದರೂ ಕಂಡರೇನೋ ಎಂಬಂತೆ. ಪಕ್ಕದ ಸೀಟಿನ ಹೆಂಗಸು ತೂಕಡಿಸುತ್ತಿದ್ದಳು.

"ಶಾಣೆ ಪೋರಿ," ಎಂದು ಗೊಣಗಿಕೊಂಡು, ಹೀರಾ ಚೀಲದಿಂದ ನಿಘಂಟು ತೆಗೆದಳು.