ಅಡ್ಡ ಬಂದವರು

ಬಾಳ್ಳುಪೇಟೆಯಲ್ಲಿ ಹೆದ್ದಾರಿಗೆ ಮುಖ ಮಾಡಿರುವ ನನ್ನ ಸ್ಟುಡಿಯೋಗೆ ಅವಳು ಬಂದದ್ದು ಮಾರ್ಚ್ ಐದರ ಬುಧವಾರ, ಬೆಳಿಗ್ಗೆ ಹತ್ತೂಕಾಲಿಗೆ. ಯಾರದೋ ಪಾಸ್‌ಪೋರ್ಟ್ ಅಳತೆಯ ಎಂಟು ಪ್ರತಿ ಕತ್ತರಿಸುತ್ತಾ ಕೂತಿದ್ದೆ. ಮೂವತ್ತರ ಆಸುಪಾಸಿನ ಹೆಂಗಸು. ಹಣೆಗೆ ವಿಭೂತಿ, ಊದಿದ ಕಣ್ಣು. ಕೂರಲು ಹೇಳಿದರೂ ಕೂರಲಿಲ್ಲ.

"ಬೆಳಗೋಡಿಂದ ಬಂದೆ ಅಣ್ಣ. ನಮ್ಮವ್ವ ಹೋಗ್ಬುಟ್ಲು, ಶನಿವಾರ. ಮದ್ವೆ ಮನೇಲಿ ಸಾರು ಬಡಿಸೋಕೆ ಬರ್ತಿದ್ಲಲ್ಲ, ಅವಳ ಮಗಳು ನಾನು."

ತಕ್ಷಣ ಗೊತ್ತಾಯಿತು. ನಾನು, ವಿಡಿಯೋದವನು, ವಾಲಗದವರು ಎಲ್ಲರೂ ಅವರನ್ನು ಸಾರಿನಕ್ಕ ಎಂದೇ ಕರೆಯುತ್ತಿದ್ದೆವು. ಹೆಸರು ಏನೆಂದು ಯಾರೂ ಕೇಳಿರಲಿಲ್ಲ.

"ಮಂಗಳವಾರ ಹನ್ನೊಂದನೇ ದಿನ. ಆರಾಧನೆಗೆ ಒಂದು ಫೋಟೋ ಬೇಕಿತ್ತು. ನಮ್ಮನೇಲಿ ಒಂದೂ ಇಲ್ಲ. ನನ್ನ ಮೊಬೈಲಲ್ಲಿದ್ದವು ಹೋದ ವರ್ಷ ಅದು ಕೆಟ್ಟಾಗ ಹೋದ್ವು. ಆಮೇಲೆ ಹಿಡಿಯೋಕೆ ಹೋದ್ರೆ ಸೆರಗು ಅಡ್ಡ ಹಿಡಿಯೋಳು. ಯಾಕವ್ವ ಅಂದ್ರೆ, ಆ ಫೋಟೋದವ್ನು ಹೋದ ಮದ್ವೇಲೆಲ್ಲ ನಾನೂ ಇರ್ತೀನಿ, ಅವನ ಹತ್ರ ನನ್ನವು ಬೇಕಾದಷ್ಟವೆ ಬಿಡು, ಅನ್ನೋಳು."

ಇವೆ, ಹುಡುಕಿಕೊಡುತ್ತೇನೆ ಎಂದೆ. ಆ ಮಾತನ್ನು ಆಡುವಾಗ ನನಗೆ ಯಾವ ಅನುಮಾನವೂ ಇರಲಿಲ್ಲ.

ಅನುಮಾನ ಬರಬೇಕಾಗಿತ್ತು. ಊರಿಗೆ ಬಂದು ಈ ಅಂಗಡಿ ತೆರೆಯುವ ಮೊದಲು ಮಸ್ಕತ್‌ನ ಒಂದು ಸ್ಟುಡಿಯೋದಲ್ಲಿ ಎರಡು ವರ್ಷ ನಾಲ್ಕು ತಿಂಗಳು ದುಡಿದೆ. ಹಗಲು ಅಂಗಡಿಯೊಳಗೆ ಮುಖಗಳು: ವೀಸಾಕ್ಕೆ, ಶಾಲೆಗೆ, ಊರಲ್ಲಿರುವ ಹೆಂಡತಿಗೆ ಕಳಿಸಲಿಕ್ಕೆ. ಸಂಜೆ ಹೋಟೆಲ್ ಹಾಲುಗಳಲ್ಲಿ ನಿಶ್ಚಿತಾರ್ಥ, ಮದುವೆ, ಕಂಪನಿಯವರ ಊಟ. ಅಲ್ಲಿ ನನ್ನ ಮೇಲಿದ್ದವರು ಮೊದಲ ದಿನವೇ ಒಂದು ನಿಯಮ ಹೇಳಿದರು. ತಟ್ಟೆ ಹಿಡಿದವರು ಚಿತ್ರದಲ್ಲಿ ಬೀಳಬಾರದು. ಆಲ್ಬಮ್ ಕರೆದವರದು ಮತ್ತು ಬಂದವರದು, ಬಡಿಸುವವರದಲ್ಲ. ಅಡ್ಡ ಬಂದರೆ ಕಾಯಿ, ಸರಿಯದಿದ್ದರೆ ಸನ್ನೆ ಮಾಡು, ಆದರೂ ಬಿದ್ದರೆ ಅಳಿಸು. ಅಲ್ಲಿ ತಟ್ಟೆ ಹಿಡಿಯುತ್ತಿದ್ದವರಲ್ಲಿ ಇಬ್ಬರು ನನ್ನ ರೂಮಿನವರೇ. ಅವರನ್ನೂ ಅಳಿಸಿದ್ದೇನೆ. "ಇವತ್ತು ನಾವು ಎಷ್ಟು ಸಲ ಸತ್ತೆವೋ?" ಎಂದು ಅವರು ನಗುತ್ತಿದ್ದರು, ನಾನು ಲೆಕ್ಕ ಹೇಳುತ್ತಿದ್ದೆ.

ಲೆಕ್ಕ ಇಡುವುದು ಅಲ್ಲಿಂದ ಬಂದ ಅಭ್ಯಾಸವಲ್ಲ, ಹೈಸ್ಕೂಲಿನಿಂದಲೂ ಇತ್ತು. ಪ್ರತಿ ಕಾರ್ಯಕ್ರಮಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಪುಟ. ತಾರೀಕು, ಊರು, ತೆಗೆದ ಚಿತ್ರಗಳೆಷ್ಟು, ಉಳಿಸಿದ್ದೆಷ್ಟು, ಅಳಿಸಿದ್ದೆಷ್ಟು. ಅಳಿಸಿದ್ದಕ್ಕೆ ಮೂರು ಕಾರಣಗಳ ಮೂರು ಸಾಲು: ಕಣ್ಣು ಮುಚ್ಚಿದೆ, ಅಲುಗಿದೆ, ಅಡ್ಡ ಬಂದವರು.

ಬುಧವಾರ ಮಧ್ಯಾಹ್ನವೇ ನೋಟ್‌ಬುಕ್ ತೆಗೆದೆ. ಅಂಗಡಿ ತೆರೆದ ಮೂರು ವರ್ಷದಲ್ಲಿ ಅರವತ್ತನಾಲ್ಕು ಕಾರ್ಯಕ್ರಮ. ಅವುಗಳಲ್ಲಿ ಇಪ್ಪತ್ತೇಳಕ್ಕೆ ಸಾರಿನಕ್ಕನ ಗುಂಪಿನದೇ ಅಡುಗೆ: ಬೆಳಗೋಡು, ಆಲೂರು ಕಡೆಯ ಸಮುದಾಯ ಭವನಗಳು, ಸಕಲೇಶಪುರದ ಎರಡು ಕಲ್ಯಾಣ ಮಂಟಪ. ಆ ಇಪ್ಪತ್ತೇಳರ ಚಿತ್ರಗಳನ್ನೆಲ್ಲ ಒಂದೊಂದಾಗಿ ನೋಡಲು ಕೂತೆ. ನಮ್ಮಲ್ಲಿ ಊಟದ ಪಂಕ್ತಿಯ ಚಿತ್ರ ತೆಗೆಯದಿದ್ದರೆ ಮದುವೆ ಮನೆಯವರು ಒಪ್ಪುವುದಿಲ್ಲ. ಯಾರು ಬಂದಿದ್ದರು, ಯಾರು ಉಂಡು ಹೋದರು ಎಂಬುದಕ್ಕೆ ಅದೇ ಸಾಕ್ಷಿ. ಹಾಗಾಗಿ ಎಲೆಗಳ ಸಾಲು ಹಿಡಿದು ಪ್ರತಿಯೊಬ್ಬರ ಮುಂದೆಯೂ ನಿಂತು ತೆಗೆದಿರುತ್ತೇನೆ. ಸಾರು ಬಡಿಸುವವರು ಅಲ್ಲೇ ಇರಬೇಕು.

ಶನಿವಾರ ಸಂಜೆಯ ಹೊತ್ತಿಗೆ ಸಿಕ್ಕಿದ್ದು ಇಷ್ಟು. ಸೌಟು ಹಿಡಿದ ಬಲಗೈ, ಮೂವತ್ತೊಂದು ಚಿತ್ರಗಳಲ್ಲಿ. ಬೆನ್ನು, ಒಂಬತ್ತರಲ್ಲಿ. ಸೆರಗಿನ ತುದಿ ಮತ್ತು ಬಕೆಟ್, ಹದಿನಾಲ್ಕರಲ್ಲಿ. ಮದುಮಗಳ ಸೋದರಮಾವನ ಹೆಗಲ ಹಿಂದೆ ಒಂದು ಕಿವಿ, ಓಲೆ. ಮುಖ ಒಂದರಲ್ಲೂ ಇಲ್ಲ.

ಅದೇ ಇಪ್ಪತ್ತೇಳು ಪುಟಗಳ ಕೊನೆಯ ಸಾಲನ್ನು ಕೂಡಿಸಿದೆ. ಅಡ್ಡ ಬಂದವರು: ನಾನೂರ ಹನ್ನೆರಡು. ಹಳೆಯ ಮೆಮೊರಿ ಕಾರ್ಡುಗಳಲ್ಲಿ ಏನಾದರೂ ಉಳಿದಿದೆಯೇ ಎಂದು ಸಾಫ್ಟ್‌ವೇರ್ ಹಾಕಿ ಜಾಲಾಡಿದೆ. ಒಂದೇ ಕಾರ್ಡಿನ ಮೇಲೆ ಹತ್ತು ಮದುವೆ ತೆಗೆದವನು ನಾನು. ಏನೂ ಉಳಿದಿರಲಿಲ್ಲ.

ಮುಖ ಸಿಗದಂತಾದದ್ದು ನನ್ನೊಬ್ಬನಿಂದಲೇ ಅಲ್ಲ ಎಂಬುದೂ ನೆನಪಾಯಿತು. ಮೊದಲ ಮೂರು ನಾಲ್ಕು ಮದುವೆಗಳಲ್ಲಿ "ಅಕ್ಕ, ಸ್ವಲ್ಪ ಪಕ್ಕಕ್ಕೆ" ಎಂದಿದ್ದೆ. ಆಮೇಲೆ ಹೇಳುವ ಅಗತ್ಯವೇ ಬರಲಿಲ್ಲ. ಕ್ಯಾಮೆರಾ ಕಣ್ಣಿಗೆ ಏರಿದ ಕೂಡಲೇ ಅವರು ಬಗ್ಗುತ್ತಿದ್ದರು, ಇಲ್ಲವೇ ಕಂಬದ ಹಿಂದೆ ಹೋಗುತ್ತಿದ್ದರು. "ಹಿಡಿಯಪ್ಪ ಹಿಡಿ, ನಾ ಸರ್ಕೊಂಡೆ" ಎಂದು ಅಲ್ಲಿಂದಲೇ ಕೂಗುತ್ತಿದ್ದರು. ಎಷ್ಟು ಚೆನ್ನಾಗಿ ಕಲಿತಿದ್ದಾರೆ ಎಂದು ನಾನು ಸಂತೋಷಪಟ್ಟಿದ್ದೂ ಉಂಟು. ಕೊನೆಯ ಪಂಕ್ತಿಯಲ್ಲಿ ನಮ್ಮನ್ನು ಕೂರಿಸಿ ಬಡಿಸುವವರೂ ಅವರೇ. "ಎಲ್ರುನ್ನೂ ಹಿಡ್ದಾಯ್ತೇನ್ ಮಾರಾಯ? ಉಣ್ಣು ಇನ್ನ. ಮಂದಿ ಮುಖ ನೋಡ್ತಾ ನಿಂತ್ರೆ ಹೊಟ್ಟೆ ತುಂಬುತ್ತಾ?" ಎನ್ನುತ್ತಿದ್ದರು. ಆಗ ಕ್ಯಾಮೆರಾ ಚೀಲದಲ್ಲಿರುತ್ತಿತ್ತು.

ಭಾನುವಾರ ಮಗಳು ಮತ್ತೆ ಬಂದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸೌಟು ಹಿಡಿದ ಕೈಯ ಚಿತ್ರಗಳಲ್ಲಿ ಚೊಕ್ಕವಾದದ್ದೊಂದನ್ನು ತೋರಿಸಿದೆ. ಪರದೆಯ ಮೇಲಿನ ಬಳೆಗೆ ಬೆರಳಿಟ್ಟಳು.

"ಇದು ಅವ್ವನ ಕೈಯೇ. ಬಳೆ ನಾನು ತಂದಿದ್ದು. ಆದ್ರೆ ಕೈಗೆ ಹಾರ ಹಾಕೋಕಾಗುತ್ತೇನಣ್ಣ?"

ಶನಿವಾರ ಹೆಣವನ್ನು ಕೂರಿಸಿದ ಮೇಲೆ ಯಾರೋ ಮೊಬೈಲಿನಲ್ಲಿ ಹಿಡಿದ ಒಂದು ಚಿತ್ರ ಅವಳಲ್ಲಿತ್ತು. ಒಡವೆ ತೆಗೆದು, ಗದ್ದಕ್ಕೆ ಬಟ್ಟೆ ಬಿಗಿದು, ಮುಖದ ತುಂಬ ವಿಭೂತಿ, ಮುಚ್ಚಿದ ಕಣ್ಣು. ಅದು ಬೇಡ ಎಂದಳು. "ದಿನಾ ಅದ್ನೇ ನೋಡ್ಕೊಂಡು ಹೆಂಗಿರ್ಲಿ? ಕಣ್ಣು ಬಿಟ್ಕೊಂಡಿರೋದು ಬೇಕು." ಕೊನೆಗೆ ಚೀಲದಿಂದ ಅವ್ವನ ಆಧಾರ್ ಕಾರ್ಡ್ ತೆಗೆದಳು. ಉಗುರಿನಷ್ಟು ಮುಖ, ಅದೂ ಜೆರಾಕ್ಸ್ ಮಾಡಿ ಲ್ಯಾಮಿನೇಟ್ ಮಾಡಿದ್ದು. ಕಣ್ಣಿದ್ದಲ್ಲಿ ಎರಡು ಕಪ್ಪು ಮಚ್ಚೆ. ಮನೆಯಲ್ಲಿ ಬೇರೆ ಪ್ರತಿ ಇರಲಿಲ್ಲ.

ಹಳೆಯ ಫೋಟೋಗಳನ್ನು ಚೊಕ್ಕ ಮಾಡುವ ಆ್ಯಪ್ ಈಗ ಎಲ್ಲ ಸ್ಟುಡಿಯೋಗಳಲ್ಲೂ ಇದೆ. ಮಸುಕು ಮುಖ ಕೊಟ್ಟರೆ ಅರ್ಧ ನಿಮಿಷದಲ್ಲಿ ರೆಪ್ಪೆಗೂದಲು ಸಮೇತ ಮುಖ ಕೊಡುತ್ತದೆ. ಇಲ್ಲದ ಕಡೆ ತನಗೆ ತೋಚಿದ್ದನ್ನು ತುಂಬುತ್ತದೆ ಎಂಬುದು ನನಗೆ ಗೊತ್ತಿತ್ತು. ಅವಳಿಗೂ ಹೇಳಿದೆ. "ನೋಡಣ್ಣ, ಏನಾದ್ರೂ ಮಾಡು" ಎಂದಳು. ಏಳು ಸಲ ಮಾಡಿದೆ. ಏಳು ಬೇರೆ ಬೇರೆ ಹೆಂಗಸರು ಬಂದರು. ಐದನೆಯದನ್ನು ಆರಿಸಿ, ಕೂದಲಿಗೆ ನರೆ ಸೇರಿಸಿ, ಸೀರೆಗೆ ಅವಳು ಹೇಳಿದ ಹಸಿರು ಬಣ್ಣ ಕೊಟ್ಟೆ.

ಪರದೆಯ ಮುಂದೆ ನಿಂತು ಅವಳು ಹೇಳಿದ್ದು ಇಷ್ಟೇ. "ಚೆಂದ ಅವ್ರೆ. ನಮ್ಮವ್ವ ಅಲ್ಲ."

"ಬೇಡ ಅಂದ್ರೆ ಬಿಟ್ಬಿಡೋಣ."

"ನಾಡಿದ್ದು ಜನ ಬರ್ತಾರೆ. ಬರೀ ಗೋಡೆಗೆ ಕೈ ಮುಗೀರಿ ಅನ್ಲಾ? ಮಾಡ್ಕೊಡು."

ಮಂಗಳವಾರ ನಾನೇ ಬಸ್ಸಿನಲ್ಲಿ ಚೌಕಟ್ಟು ಹಾಕಿದ ಫೋಟೋ ತೆಗೆದುಕೊಂಡು ಬೆಳಗೋಡಿಗೆ ಹೋದೆ. ಅವಳ ಅಣ್ಣ ಅದನ್ನು ಮಣೆಯ ಮೇಲೆ ಇಟ್ಟು ಸೇವಂತಿಗೆ ಹಾರ ಹಾಕಿದ. ಜಂಗಮರು ಬಂದರು, ಪೂಜೆ ನಡೆಯಿತು. ಒಬ್ಬರಾದರೂ ಇದು ಅವಳಲ್ಲ ಎನ್ನುತ್ತಾರೆ ಎಂದು ಬಾಗಿಲ ಬಳಿ ನಿಂತು ಕಾದೆ. ಯಾರೂ ಅನ್ನಲಿಲ್ಲ. ಹನ್ನೊಂದು ವರ್ಷ ಸಾರಿನಕ್ಕನ ಜೊತೆ ಒಲೆ ಹಂಚಿಕೊಂಡ ಅಡುಗೆಯವನು ಕೈ ಮುಗಿದು ನನ್ನ ಹತ್ತಿರ ಬಂದ.

"ಅದೇ ಮುಖ ಕಣಯ್ಯ. ಬಡಿಸೋವಾಗ ಹಿಂಗೇ ನಗೋಳು. ಯಾವ್ ಮದ್ವೇಲಿ ಹಿಡ್ದಿದ್ದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಅಣ್ಣ ಉತ್ತರ ಕೊಟ್ಟ. "ಆಲೂರಿನ ಮದ್ವೇದು." ಅವನೂ ಅದನ್ನು ನಂಬಿದ್ದನೋ, ಬಾಯಿಗೆ ಬಂದದ್ದು ಹೇಳಿದನೋ ತಿಳಿಯಲಿಲ್ಲ. ಮಗಳು ಒಳಗೆ ಎಲೆ ಒರೆಸುತ್ತಿದ್ದಳು. ಫೋಟೋ ಇದ್ದ ಕಡೆ ಬರಲೇ ಇಲ್ಲ.

ಅವಳು ಮತ್ತೆ ಸ್ಟುಡಿಯೋಗೆ ಬಂದದ್ದು ಏಪ್ರಿಲ್ ಹದಿನೇಳಕ್ಕೆ. ಈ ಸಲ ಬಂದವಳೇ ಕೂತಳು.

"ನಂಗೂ ಅಣ್ಣಂಗೂ ಜಗಳ ಆಗ್ಬುಡ್ತು. ಅವ್ವನ ಮೂಗುಬೊಟ್ಟು ಬಲಕ್ಕಿತ್ತು ಅಂತ ನಾನು. ಫೋಟೋದಲ್ಲಿ ಎಡಕ್ಕೈತಲ್ಲ ನೋಡು ಅಂತ ಅವನು. ಮನೆಯೋರೆಲ್ಲ ಅವನ ಕಡೀಕೆ. ಈಗ ನಂಗೂ ಎಡಕ್ಕಿತ್ತೇನೋ ಅನ್ಸೋಕೆ ಶುರುವಾಗೈತೆ. ಕಣ್ಣು ಮುಚ್ಚಿದ್ರೆ ಫೋಟೋದೋಳೇ ಬರ್ತಾಳೆ. ಮೊದ್ಲು ಹಿಂಗಿರ್ಲಿಲ್ಲ. ನೀನು ಅಷ್ಟು ಸಲ ಎದುರಿಗೆ ಕೂತು ಉಂಡಿದ್ದೀಯ. ನೀನಾದ್ರೂ ಹೇಳಣ್ಣ, ಯಾವ್ ಕಡೆ ಇತ್ತು?"

ಕಾರ್ಡಿನಲ್ಲಿ ಮೂಗಿನ ಮೇಲೆ ಏನೂ ಕಾಣುತ್ತಿರಲಿಲ್ಲ. ಆ್ಯಪ್ ಎಡಕ್ಕೆ ಒಂದು ಚುಕ್ಕೆ ಇಟ್ಟಿತ್ತು, ನಾನು ಅದನ್ನೇ ತಿದ್ದಿ ಹೊಳಪು ಕೊಟ್ಟಿದ್ದೆ. ಇಪ್ಪತ್ತೇಳು ಊಟಗಳನ್ನು ನೆನೆದೆ. ಸೌಟು ಬಂತು, ಬಳೆಯ ಸದ್ದು ಬಂತು, ಧ್ವನಿ ಬಂತು. ಮುಖ ಎಂದು ನನಗೂ ಬಂದದ್ದು ನಾನು ಆರಿಸಿದ ಆ ಐದನೆಯ ಹೆಂಗಸು.

"ಬಲಕ್ಕೆ" ಎಂದೆ.

"ಹಂಗಾದ್ರೆ ಸರಿ ಮಾಡು."

ಫೈಲ್ ತೆರೆದು ಬೊಟ್ಟನ್ನು ಬಲಕ್ಕೆ ಸರಿಸಲು ಎರಡು ನಿಮಿಷವೂ ಹಿಡಿಯಲಿಲ್ಲ. ಕುರ್ಚಿ ಎಳೆದುಕೊಂಡು ಅವಳು ಪರದೆಗೆ ಹತ್ತಿರ ಬಂದಳು. ಹೊರಗೆ ಲಾರಿಗಳು ಸಾಲಾಗಿ ಹೋದವು, ಗಾಜು ಅದುರಿತು.

"ಈಗ ಹೆಂಗೆ?" ಎಂದು ಕೇಳಿದೆ.

"ಇನ್ನೂ ದೂರ ಹೋದ್ಲು" ಎಂದಳು.

ಮತ್ತೆ ಎಡಕ್ಕೆ ಹಾಕಲೇ ಎಂದೆ. "ಮನೇಲಿರೋದು ಹಂಗೇ ಇರ್ಲಿ ಬುಡು, ಅವರಿಗೆ ಅಭ್ಯಾಸ ಆಗೈತೆ" ಎಂದು ಎದ್ದಳು. ಹನ್ನೆರಡೂವರೆಯ ಬಸ್ಸು ಬಂದು ನಿಂತಿತ್ತು.