ಮುಚ್ಚಳ ತೆಗೆದು ತೇವ ನೋಡುವ ಕಾಕಾ

ಗೆಳೆಯರೇ, ಬನಹಟ್ಟಿಯಲ್ಲಿ ಯಾರಿಗಾದರೂ ಮನೆಯಲ್ಲೇ ಕೋಳಿಮರಿ ಮಾಡುವ ಆಸೆ ಇದ್ದರೆ, ಮೊದಲು ಮನೆಯ ಕಾಕಾರನ್ನು ತೇರದಾಳದ ಬಸ್ಸು ಹತ್ತಿಸಿ.

ನನ್ನ ಇನ್‌ಕ್ಯುಬೇಟರಿನ ಮೊಟ್ಟೆಗಳಿಗೆ ಇಂದು ಇಪ್ಪತ್ತನೇ ದಿನ. ಇನ್ನು ಮುಚ್ಚಳ ತೆಗೆಯಬಾರದು. ತೇವ ಆರಿದರೆ ಮರಿ ಪೊರೆಗೆ ಅಂಟಿಕೊಂಡು ಒಳಗೇ ಸಾಯುತ್ತದೆ. ಬೆಳಿಗ್ಗೆ ತೇವದ ಮೀಟರು ಎಪ್ಪತ್ತು ತೋರಿಸುತ್ತಿತ್ತು. ಸ್ನಾನ ಮುಗಿಸಿ ಬಂದರೆ ನಲವತ್ತು. ಜೀವಮಾನವಿಡೀ ಕೈಮಗ್ಗ ನೇಯ್ದ ನಮ್ಮ ಕಾಕಾ ಮುಚ್ಚಳ ತೆಗೆದು, ನೂಲಿನ ಎಳೆಯೊಂದನ್ನು ಒಳಗೆ ಹಿಡಿದು ನಿಂತಿದ್ದರು. ಹವೆ ಒಣಗಿದರೆ ನೂಲು ಹರಿಯುತ್ತದೆ ಎಂಬುದು ಅವರ ಶಾಸ್ತ್ರ.

“ಏನ ಮಾಡಾಕತ್ತೀರಿ ಕಾಕಾ?”

“ಹವಾ ನೋಡಾಕತ್ತೇನಿ. ನಿನ್ನ ಮೀಟರಿಗೇನ ತಿಳಿತೈತಿ? ಎಳಿ ಪಟ್ಟನ ಹರೀತು ನೋಡು. ಒಳಗ ಪೂರಾ ಒಣಗೇತಿ.”

“ನೀವು ಮುಚ್ಚಳ ತಗದಿದ್ದಕ್ಕ ಒಣಗೇತ್ರಿ.”

“ತಗದು ನೋಡಿದ್ದಕ್ಕನ ಗೊತ್ತಾತಲ್ಲೋ ತಮ್ಮಾ.”

ನಾನು ಒಳಗಿನ ತಟ್ಟೆಗೆ ನೀರು ತುಂಬಿ ಮುಚ್ಚಳ ಹಾಕಿದೆ. ಅಷ್ಟರಲ್ಲಿ ಒಂದು ಮೊಟ್ಟೆಯೊಳಗಿಂದ ಚಿಂವ್ ಎಂದು ಸದ್ದು ಬಂತು. ಕಾಕಾರ ಕೈ ಮತ್ತೆ ಮುಚ್ಚಳದ ಮೇಲೆ.

ಈ ಯಂತ್ರದಲ್ಲಿ ಕಾವಿದೆ, ತೇವವಿದೆ, ಮೊಟ್ಟೆ ಹೊರಳಿಸುವ ಮೋಟಾರೂ ಇದೆ. ಹತ್ತಿರ ಬಂದವರನ್ನು ಕುಕ್ಕುವ ಹೇಂಟೆಯ ಕೊಕ್ಕು ಮಾತ್ರ ಇಲ್ಲ. ಆ ಕೆಲಸಕ್ಕೆ ನಾನು ಎರಡು ದಿನ ರಜೆ ಹಾಕಿದ್ದೇನೆ.