ಕುಣಿಗಲ್ ರಸ್ತೆಯ ನರ್ಸರಿ ಮತ್ತು ‘ಬುಡು’ ಎಂಬ ಮಾತು

ತುಮಕೂರಿಗೆ ಬಂದ ಮೊದಲ ದಿನವೇ ಬಾಡಿಗೆ ಮನೆಯಿಂದ ನನ್ನನ್ನು ಹೊರಗೆ ಹಾಕಿದರು ಅಂತ ತಿಳಿದು, ಟ್ರಂಕು ಹೊತ್ತು ಬೀದಿಗಿಳಿದಿದ್ದೆ. ನಡೆದದ್ದು ಇಷ್ಟೇ. ಶೆಟ್ಟಿಹಳ್ಳಿಯಲ್ಲಿ ಮನೆ ಮಾಲೀಕರಾದ ಗೌರಮ್ಮಜ್ಜಿಗೆ ಮುಂಚಿತವಾಗಿ ಹೇಳಿದೆ, “ನಾವು ದಿನಾ ರೊಟ್ಟಿ ಬಡಿಯೋ ಮಂದಿ ರೀ, ಸಪ್ಪಳ ಆಗತೈತಿ.” ಅಜ್ಜಿ “ಬುಡಪ್ಪ, ಬುಡು” ಅಂದರು. ಮನೆ ಬಿಡು ಅಂದರೆ ಇನ್ನೇನು ಮಾಡಲಿ? ಅಷ್ಟರಲ್ಲಿ ಹಿಂದಿನಿಂದ ಅಜ್ಜಿಯ ಕೂಗು ಬಂತು.

“ಯಾಕ್ಲಾ, ಎಲ್ಲಿಗೋಯ್ತಿದೀಯಾ? ಬುಡು ಅಂದ್ರೆ ಪರ್ವಾಗಿಲ್ಲ ಅಂತ ಕಣಪ್ಪ. ರೊಟ್ಟಿ ಬಡ್ಕೊ, ನನ್ನ ಬಡೀಬ್ಯಾಡ ಅಷ್ಟೇಯ.”

ಲಿಂಗಸುಗೂರು ಕಡೆಯ ನಮ್ಮ ಜನ ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಕನ್ನಡ ನಾಡಿನಲ್ಲೇ ಇದ್ದೇವಲ್ಲ, ಇದ್ಯಾವ ವಲಸೆ ಅನ್ನಬೇಡಿ. ನಮ್ಮಲ್ಲಿ ಬಿಡು ಅಂದರೆ ಕೈ ತೆಗೆ ಅಂತ. ಇಲ್ಲಿ ಬುಡು ಅಂದರೆ ಹೋಗಲಿ, ಆಮೇಲೆ ನೋಡೋಣ, ಈಗ ಸುಮ್ಮನಿರು, ಎಲ್ಲವೂ ಹೌದು. ನಮ್ಮಲ್ಲಿ ರೊಟ್ಟಿಯನ್ನು ಅಗಿದು ತಿನ್ನುತ್ತೇವೆ. ಇಲ್ಲಿ ರಾಗಿಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಬೇಕು, ಹಲ್ಲು ತಾಗಿಸಿದರೆ ನಗುತ್ತಾರೆ. ನುಂಗುವುದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು.

ಏಳನೇ ತರಗತಿಗೆ ಶಾಲೆ ಬಿಟ್ಟವನು ನಾನು. ತೋಟ ಮಾಡಿಕೊಡುವ ಕಂಪನಿಯಲ್ಲಿ ಗುಂಡಿ ತೋಡುವ ಕೆಲಸಕ್ಕೆ ಸೇರಿದೆ. ಕಾಲೇಜು, ಫ್ಯಾಕ್ಟರಿ, ಅಪಾರ್ಟ್‌ಮೆಂಟುಗಳ ಮುಂದೆ ಹುಲ್ಲು ಹಾಸಿ ಗಿಡ ನೆಡುವುದು ನಮ್ಮ ಕಸುಬು. ನಾನು ನೆಟ್ಟ ಗಿಡ ಒಣಗಿದ್ದನ್ನು ಈ ಊರಿನಲ್ಲಿ ಯಾರೂ ತೋರಿಸಲಾರರು. ಆರನೇ ವರ್ಷಕ್ಕೆ ಸೂಪರ್‌ವೈಸರ್ ಆದೆ. ಅಷ್ಟು ಹೊತ್ತಿಗೆ ಇಲ್ಲಿಯವರ ಹಾಗೇ ಮಾತಾಡುತ್ತಿದ್ದೆ, ಅದರ ಹೆಮ್ಮೆ ಗಿಡದ ಹೆಮ್ಮೆಗಿಂತ ದೊಡ್ಡದಿತ್ತು.

ಒಮ್ಮೆ ದೊಡ್ಡ ಫ್ಯಾಕ್ಟರಿಯೊಂದರ ಕೆಲಸ ಸಿಕ್ಕಿತು. ಅವರದೊಂದು ಷರತ್ತು: ಗಿಡ, ಮಣ್ಣು, ಕಲ್ಲು ಎಲ್ಲಿಂದ ಬರುತ್ತದೋ ಅಲ್ಲಿ ಯಾರನ್ನೂ ಹಿಡಿದಿಟ್ಟು ದುಡಿಸಿರಬಾರದು. ನಮ್ಮ ಮ್ಯಾನೇಜರ್ ಮೇಡಂ ಕನ್ನಡದಲ್ಲಿ ಬರೆಸಿದ ಒಂದು ಹಾಳೆ ಕೊಟ್ಟು, ನರ್ಸರಿಗಳನ್ನು ನೋಡಿ ಬನ್ನಿ ಅಂದರು. ಹಾಳೆಯ ಮೂರನೇ ಪ್ರಶ್ನೆ, ‘ಕೆಲಸಗಾರರು ತಮಗೆ ಬೇಕೆಂದಾಗ ಕೆಲಸ ಬಿಟ್ಟು ಹೋಗಬಹುದೇ?’

ಗುಬ್ಬಿ ಕಡೆಯ ನರ್ಸರಿಗಳಲ್ಲಿ ಅಕ್ಕಪಕ್ಕದ ಹಳ್ಳಿಯವರೇ ಬಂದು ಸಂಜೆ ಮನೆಗೆ ಹೋಗುತ್ತಿದ್ದರು. ಕುಣಿಗಲ್ ರಸ್ತೆಯ ಒಂದು ನರ್ಸರಿಯಲ್ಲಿ ಮಾತ್ರ ಮಧ್ಯಾಹ್ನವೇ ಗೇಟಿಗೆ ಬೀಗ, ಅದೂ ಹೊರಗಿನಿಂದ. ನಾನು ಅದನ್ನೇ ನೋಡುತ್ತಿದ್ದಾಗ ಮಾಲೀಕ ಬಂದು ತೆಗೆದ.

“ದನ ನುಗ್ತವೆ ಕಣಣ್ಣ, ಅದುಕ್ಕೆ. ಬುಡು. ನೀವು ನಮ್ ಗುಬ್ಬಿ ಕಡೆಯವ್ರಾ? ಮಾತು ಹಂಗೇ ಐತೆ.”

ಹಿಗ್ಗಿಹೋದೆ. ಒಳಗೆ ಕವರಿಗೆ ಮಣ್ಣು ತುಂಬುತ್ತಿದ್ದ ಹೆಂಗಸಿನ ಮುಂದೆ ನಿಂತು, ಅದೇ ಹಿಗ್ಗಿನಲ್ಲಿ ಕೇಳಿದೆ, “ಏನಮ್ಮ, ಬೇಕು ಅಂದಾಗ ನಿಮ್ಮನ್ನ ಊರಿಗೆ ಬುಡ್ತಾರಾ?”

ಆಕೆ ಮಾಲೀಕನನ್ನು ನೋಡಿದಳು. ಆಮೇಲೆ ನನ್ನನ್ನು. “ಹೂನ್ರೀ” ಅಂದಳು.

ಆ ಒಂದು ಮಾತಿನಲ್ಲೇ ಗೊತ್ತಾಯಿತು, ಈಕೆ ನಮ್ಮ ಕಡೆಯವಳು ಅಂತ. ‘ಯಾವೂರವ್ವ ನಿಂದು’ ಅನ್ನುವುದು ನಾಲಿಗೆ ತುದಿಗೆ ಬಂತು. ಗುಬ್ಬಿಯವನು ಅನ್ನಿಸಿಕೊಂಡು ಇನ್ನೂ ಐದು ನಿಮಿಷ ಆಗಿರಲಿಲ್ಲ. ನುಂಗಿದೆ. ಹಾಳೆಯಲ್ಲಿ ‘ಹೌದು’ ಅಂತ ಬರೆದೆ.

ಮನೆಗೆ ಬಂದು ಹೆಂಡತಿ ದೇವಮ್ಮನಿಗೆ ಹೇಳಿದೆ. ಬಡಿಯುತ್ತಿದ್ದ ರೊಟ್ಟಿ ನಿಲ್ಲಿಸಿದಳು. “ಆಕಿ ಜೋಡಿ ನೀವು ನಮ್ಮ ಮಾತಾಗ ಯಾಕ ಮಾತಾಡ್ಲಿಲ್ಲ? ನಾಚಿಕಿ ಬಂತೇನು?”

ಅಲ್ಲಿಂದ ಮುಂದೆ ಯಾವ ಗೇಟು ನೋಡಿದರೂ ಬೀಗ ಯಾವ ಕಡೆಗಿದೆ ಅಂತ ಕಣ್ಣು ಹುಡುಕುತ್ತಿತ್ತು. ಆದರೂ ಕುಣಿಗಲ್ ರಸ್ತೆಗೆ ಮತ್ತೆ ಹೋಗಲಿಲ್ಲ. ತಿಂಗಳಾದ ಮೇಲೆ ಆ ನರ್ಸರಿಯಿಂದ ಗಿಡ ತರಲು ಲಾರಿ ಹೊರಟಾಗ ನಾನೇ ಹತ್ತಿದೆ. ಮಾಲೀಕ ಫೋನಿನಲ್ಲಿದ್ದಾಗ ಮಣ್ಣು ತುಂಬುವ ಆ ಹೆಂಗಸಿನ ಪಕ್ಕ ಕೂತು ನಮ್ಮ ಮಾತಿನಲ್ಲಿ ಕೇಳಿದೆ. ಹೆಸರು ಹುಲಿಗೆಮ್ಮ. ನಮ್ಮೂರಿಂದ ಮೂರೇ ಊರು ಆಚೆ.

“ಆಧಾರ್ ಕಾರ್ಡು ಮಾಲಕರ ಕಡೆ ಅದಾವ್ರೀ. ಮುಂಗಡ ತೀರೋತನಕ ಗಂಡ ಹೋದ್ರ ನಾ ಇರಬೇಕು, ನಾ ಹೋದ್ರ ಅವ ಇರಬೇಕು ಅಂದಿದ್ರು. ಈಗ ಇಬ್ರನ್ನೂ ಕಳಸಾಂಗಿಲ್ಲ. ಮಗಳ ಹೆರಿಗಿ ಹತ್ರ ಬಂದೈತಿ, ಹೋಗ್ತೀನಿ ಅಂತ ಕೇಳಿದ್ನಿ. ‘ಹೋಗವಂತೆ ಬುಡು’ ಅಂದ್ರು. ಬಿಟ್ರು ಅಂತ ತಿಳಕೊಂಡು ಗಂಟು ಕಟ್ಟಿದ್ನ್ರೀ. ಗೇಟಿಗೆ ಹೋದ್ರ ಬೀಗ.”

ನನ್ನ ಟ್ರಂಕು ನೆನಪಾಯಿತು. ನಾನು ಎತ್ತಿದ್ದಕ್ಕೆ ಅಜ್ಜಿ ನಕ್ಕಿದ್ದರು.

“ಮಗಳು ಹ್ಯಾಂಗದಾಳವ್ವ?”

“ಹಡದ್ಳು. ಕೂಸು ಎಂಟು ದಿನ ಇತ್ತಂತ. ನಾ ಮಕ ನೋಡ್ಲಿಲ್ಲ.” ಕವರಿಗೆ ಮಣ್ಣು ತುಂಬುವುದನ್ನು ಆಕೆ ನಿಲ್ಲಿಸಿರಲಿಲ್ಲ. “ನೀವು ನಮ್ ಕಡೆಯವ್ರೇನ್ರೀ? ಅವತ್ತೂ ಬಂದಿದ್ರಿ.”

ಅವತ್ತೇ ಸಂಜೆ ಮೇಡಂ ಮುಂದೆ ನಿಂತು ಕೇಳಿದ್ದನ್ನೆಲ್ಲ ಹೇಳಿದೆ. “ಹೌದು ಅಂತ ಬರ್ದಿದ್ದು ನೀವೇ ಅಲ್ವಾ ಅಮರೇಶ್?” ಅಂದರು. “ನಾನೇ ಮೇಡಂ. ಸುಳ್ಳು ಬರ್ದೆ” ಅಂದೆ. ಮೇಡಂ ಅಲ್ಲೇ ಕೂತು ದೂರು ಬರೆದರು. ಮೂರನೇ ದಿನ ಅಧಿಕಾರಿಗಳು ಪೊಲೀಸರ ಜೊತೆ ಬಂದು ಬೀಗ ತೆಗೆಸಿದರು. ಹುಲಿಗೆಮ್ಮ, ಆಕೆಯ ಗಂಡ, ಇನ್ನೂ ಎರಡು ಮನೆಯವರಿಗೆ ಕಾರ್ಡು ವಾಪಸು ಬಂತು. ಕೈಗೊಂದು ಕಾಗದ ಕೊಟ್ಟರು, ಅದರ ಹೆಸರು ಬಿಡುಗಡೆ ಪತ್ರ.

ಈಗ ಕಂಪನಿ ಈ ಕೆಲಸವನ್ನೇ ನನಗೆ ಕೊಟ್ಟಿದೆ. ಮಾಲೀಕರನ್ನು ದೂರ ನಿಲ್ಲಿಸಿ, ಕೆಲಸದವರನ್ನು ಅವರವರ ಮಾತಿನಲ್ಲಿ ಕೇಳುತ್ತೇನೆ. ನನಗೆ ಬಾರದ ಭಾಷೆಯಾದರೆ ಬಲ್ಲವರನ್ನು ಕರೆದೊಯ್ಯುತ್ತೇನೆ. ನಿಮ್ಮ ಕಾರ್ಡು ತೋರಿಸಿ ಅನ್ನುತ್ತೇನೆ, ಅದು ಅವರ ಕೈಯಿಂದಲೇ ಬರಬೇಕು. ಇಲ್ಲದಿದ್ದರೆ ಅಧಿಕಾರಿಗಳಿಗೆ ಹೇಳುತ್ತೇವೆ, ಅಲ್ಲಿಂದ ಗಿಡ ತರುವುದಿಲ್ಲ. “ಏನ್ ಅಮರೇಸಣ್ಣ, ಗಿಡ ನೋಡಕ್ ಬಂದ್ಯಾ, ಬೀಗ ನೋಡಕ್ ಬಂದ್ಯಾ?” ಅಂತ ಚುಚ್ಚುವವರಿದ್ದಾರೆ. ಎರಡನ್ನೂ ನೋಡುತ್ತೇನೆ. ಆ ನರ್ಸರಿಯ ಹೊಂಗೆ ಗಿಡಗಳು ಫ್ಯಾಕ್ಟರಿ ಮುಂದೆ ಎತ್ತರಕ್ಕೆ ಬೆಳೆದಿವೆ. ನಾನೇ ನೆಟ್ಟದ್ದು. ಅವುಗಳ ನೆರಳಿನಲ್ಲಿ ಕೂರಲು ಆಗುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಊರಿಗೆ ಬಂದವನು ಹುಲಿಗೆಮ್ಮನ ಮನೆ ಹುಡುಕಿಕೊಂಡು ಹೋದೆ. ಆಕೆಯ ಮಗಳು “ಯಾರವ್ವ ಇವರು?” ಅಂತ ಕೇಳಿದಳು.

“ತುಮಕೂರಿನವರು” ಅಂದಳು ಹುಲಿಗೆಮ್ಮ.

ಮೂರೂರು ಆಚೆ ನನ್ನ ಮನೆ ಅಂತ ಹೇಳಬೇಕೆನಿಸಿತು. ಅಷ್ಟರಲ್ಲಿ ಆಕೆ ಒಲೆಯ ಮುಂದೆ ಕೂತು, “ಚಾ ಮಾಡ್ತೀನಿ, ಕುಂದರ್ರೀ” ಅಂದಳು.

“ಬುಡವ್ವ” ಅಂದುಬಿಟ್ಟೆ.

ಪಾತ್ರೆ ಎತ್ತಿದ ಆಕೆಯ ಕೈ ಅಲ್ಲೇ ನಿಂತಿತು. ಮಗಳು ಏನೂ ತಿಳಿಯದೆ ನಮ್ಮಿಬ್ಬರ ಮುಖ ನೋಡಿದಳು. ಹುಲಿಗೆಮ್ಮ ನೀರು ಒಲೆಗಿಟ್ಟಳು. ನಾನು ಬಾಗಿಲ ಹತ್ತಿರವೇ ಕೂತಿದ್ದೆ, ಒಳಗೂ ಅಲ್ಲ, ಹೊರಗೂ ಅಲ್ಲ.